ಆರೈಕೆ ಮುಗಿದ ಮೇಲೆ: ಆನ್‌ಲೈನ್ ಕೌನ್ಸೆಲಿಂಗ್‌ನ ಒಂದು ಪ್ರಕರಣ

ಇಲ್ಲಿ ಬರುವವರು ಯಾರೋ ಒಬ್ಬ ವ್ಯಕ್ತಿಯಲ್ಲ. ಹಲವರ ಅನುಭವದ ಎಳೆಗಳನ್ನು ಸೇರಿಸಿ, ಯಾರ ಗುರುತೂ ಸಿಗದ ಹಾಗೆ ಕಟ್ಟಿಕೊಂಡ ಪ್ರಕರಣ ಇದು. ಕೌನ್ಸೆಲಿಂಗ್‌ನಲ್ಲಿ ಹೀಗೆ ಬರೆಯುವುದು ರೂಢಿ. ಹೆಸರಿನ ಗೊಡವೆ ಬೇಡ, ‘ಅವರು’ ಅಂದರೆ ಸಾಕು.

ದೂರದಿಂದ ನೋಡಿದರೆ ಇದು ತಾಯಿಯನ್ನು ಕಳೆದುಕೊಂಡ ಮಗನ ದುಃಖ. ಹತ್ತಿರ ಹೋದಾಗ ಕಂಡದ್ದು ಬೇರೆ. ಒಂಬತ್ತು ವರ್ಷ ಹಗಲು ರಾತ್ರಿ ಮಾಡಿದ ಕೆಲಸ ಒಂದೇ ದಿನಕ್ಕೆ ನಿಂತುಹೋಗಿತ್ತು. ಅದರ ಜೊತೆಗೇ ‘ನಾನು ಇಂಥವನು’ ಅನ್ನುವುದೂ ಹೋಗಿತ್ತು. ದುಃಖಕ್ಕೆ ಜನ ಬಂದು ಪಕ್ಕದಲ್ಲಿ ಕೂರುತ್ತಾರೆ. ಈ ಎರಡನೆಯದಕ್ಕೆ ಯಾರೂ ಬರುವುದಿಲ್ಲ. ಅದು ಕಳೆದಿದೆ ಅಂತ ಕಳೆದುಕೊಂಡವರಿಗೇ ಗೊತ್ತಿರುವುದಿಲ್ಲ.

ಅರ್ಜಿಯಲ್ಲಿ ಇದ್ದದ್ದು

ವಯಸ್ಸು 44. ಮದುವೆಯಾಗಿಲ್ಲ. 35ನೇ ವಯಸ್ಸಿನಲ್ಲಿ ಲೆಕ್ಕಪತ್ರದ ಕೆಲಸ ಬಿಟ್ಟು ಮನೆಗೆ ಬಂದರು. ತಾಯಿಗೆ ಮರೆವಿನ ಕಾಯಿಲೆ, ಡಿಮೆನ್ಷಿಯಾ. ಒಂದು ವರ್ಷದ ಮಟ್ಟಿಗೆ ಅಂದುಕೊಂಡದ್ದು ಒಂಬತ್ತಾಯಿತು. ತಂದೆ ಮೊದಲೇ ತೀರಿಕೊಂಡಿದ್ದರು. ಒಬ್ಬ ಅಕ್ಕ, ಬೇರೆ ಊರಿನಲ್ಲಿ. ತಾಯಿ ಹೋಗಿ ಏಳು ತಿಂಗಳಾಗಿತ್ತು.

ಕೌನ್ಸೆಲಿಂಗ್ ಯಾಕೆ ಬೇಕು ಅನ್ನುವ ಜಾಗದಲ್ಲಿ ಒಂದೇ ಪದ ಬರೆದಿದ್ದರು: ಒತ್ತಡ. ಆನ್‌ಲೈನ್‌ನಲ್ಲಿ ಬರುವವರು ತುಂಬ ಜನ ಹೀಗೇ ಬರೆಯುತ್ತಾರೆ. ಹಾಗೆ ಬರೆದರೆ ಯಾರಿಗೂ ನಾಚಿಕೆಯಾಗುವುದಿಲ್ಲ, ಒಳಗೆ ಏನು ಬೇಕಾದರೂ ಇಟ್ಟುಕೊಳ್ಳಬಹುದು. ನನ್ನ ಕಣ್ಣು ನಿಂತದ್ದು ‘ಉದ್ಯೋಗ’ ಅನ್ನುವ ಜಾಗದಲ್ಲಿ. ಅಲ್ಲಿ ಅವರು ಬರೆದದ್ದು: “ಮೊದಲು ಅಕೌಂಟೆಂಟ್. ಆಮೇಲೆ ಅಮ್ಮನ ಜೊತೆ. ಈಗ”. ಅಷ್ಟಕ್ಕೇ ನಿಲ್ಲಿಸಿದ್ದರು.

ಚಾಟ್, ಫೋನ್, ವಿಡಿಯೊ ಮೂರರಲ್ಲಿ ಯಾವುದು ಬೇಕಾದರೂ ಆಗಬಹುದಿತ್ತು. ಚಾಟ್ ಸಾಕು ಅಂದರು. ಅವರ ಮೆಸೇಜ್‌ಗಳು ರಾತ್ರಿ ಎರಡರಿಂದ ನಾಲ್ಕರ ನಡುವೆ ಬರುತ್ತಿದ್ದವು. ರಾತ್ರಿಯಲ್ಲಿ ಎರಡು ಗಂಟೆಗೊಮ್ಮೆ ಎದ್ದು ತಾಯಿಯನ್ನು ನೋಡಿ ರೂಢಿಯಾದ ದೇಹ ಅದು. ಈಗ ಎಬ್ಬಿಸುವವರು ಇಲ್ಲ, ಆದರೂ ಏಳುತ್ತಿತ್ತು.

ಬೇಗ ತೆರೆದ ಬಾಗಿಲು

ಮುಖ ಕಾಣದ ಕಡೆ ಜನ ಬೇಗ ಮನಸ್ಸು ಬಿಚ್ಚುತ್ತಾರೆ. ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಎದುರಿಗೆ ಕಣ್ಣಿಲ್ಲ, ತಕ್ಷಣ ಉತ್ತರ ಬರುವುದಿಲ್ಲ, ಓದುತ್ತಿರುವವರ ಧ್ವನಿಯನ್ನು ನಾವೇ ಊಹಿಸಿಕೊಳ್ಳುತ್ತೇವೆ. ಹಾಗಾಗಿ ತಡೆ ಕಡಿಮೆ. ಕೌನ್ಸೆಲರ್‌ಗೆ ಇದು ಅನುಕೂಲ ಅನ್ನಿಸಬಹುದು. ಅರ್ಧ ಅನುಕೂಲ ಅಷ್ಟೇ.

ಎರಡನೇ ವಾರ ಒಂದು ಉದ್ದನೆಯ ಮೆಸೇಜ್ ಬಂತು. ಕೊನೆಯ ವರ್ಷ ಒಂದು ರಾತ್ರಿ ತಾಯಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದರಂತೆ. ಇವರು ಕೂಗಿಬಿಟ್ಟರಂತೆ. ತಾಯಿ ಹೆದರಿ ಗೋಡೆಗೆ ಒರಗಿ ಕೂತರಂತೆ. ಇನ್ನೊಂದು ಸಾಲು: “ಇದು ಬೇಗ ಮುಗಿಯಲಿ ಅಂತ ನಾನು ಬೇಡಿಕೊಂಡಿದ್ದೇನೆ.” ಅದಾದ ಮೇಲೆ ಹತ್ತು ದಿನ ಸುದ್ದಿಯಿಲ್ಲ.

ಇದು ಚಾಟ್‌ನಲ್ಲಿ ಆಗಾಗ ಆಗುವಂಥದ್ದು. ಎದುರಿಗೆ ಕೂತಿದ್ದರೆ ಆ ಮಾತು ಬಾಯಿಗೆ ಬರಲು ಎರಡು ತಿಂಗಳಾದರೂ ಹಿಡಿಯುತ್ತಿತ್ತು. ಬಂದ ಕ್ಷಣ ಎದುರಿನವರ ಮುಖ ನೋಡಿ, ‘ಇವರು ಎದ್ದು ಹೋಗಲಿಲ್ಲ’ ಅನ್ನುವುದಾದರೂ ಖಾತ್ರಿಯಾಗುತ್ತಿತ್ತು. ಪರದೆಯ ಮೇಲೆ ಆ ಖಾತ್ರಿ ಇಲ್ಲ. ಹೇಳಿದ್ದು ಅಕ್ಷರವಾಗಿ ಅಲ್ಲೇ ಉಳಿಯುತ್ತದೆ. ಬೆಳಿಗ್ಗೆ ಎದ್ದು ಓದಿದರೆ ನಾಚಿಕೆಯಾಗುತ್ತದೆ.

ನಾನು ಚಿಕ್ಕ ಉತ್ತರ ಬರೆದೆ. ನೀವು ಬರೆದದ್ದನ್ನು ಪೂರ್ತಿ ಓದಿದ್ದೇನೆ. ಇದನ್ನು ಓದಿ ನಿಮ್ಮ ಬಗ್ಗೆ ಕೆಟ್ಟದಾಗಿ ಅನ್ನಿಸಲಿಲ್ಲ. ಈ ಬಗ್ಗೆ ಈಗಲೇ ಮಾತಾಡಬೇಕಂತಿಲ್ಲ, ಮುಂದಿನ ಸಲ ಬೇರೆ ಏನಾದರೂ ಮಾತಾಡೋಣ. ಹತ್ತನೆಯ ದಿನ ಅವರು ಬರೆದರು: “ಸಾರಿ ಮೇಡಂ, ಬ್ಯುಸಿ ಇದ್ದೆ.” ನಾನೂ ಅದನ್ನು ಕೆದಕಲಿಲ್ಲ. ಚಾಟ್‌ಗೆ ಗೊತ್ತಾದ ಹೊತ್ತು ಇಟ್ಟುಕೊಳ್ಳೋಣ, ರಾತ್ರಿಯ ಮೆಸೇಜ್‌ಗಳನ್ನು ನಾನು ಬೆಳಿಗ್ಗೆಯೇ ಓದುವುದು ಅಂತ ಮಾಡಿಕೊಂಡೆವು. ಆಮೇಲೆ ಫೋನ್‌ಗೆ, ಅಲ್ಲಿಂದ ಕ್ಯಾಮೆರಾ ಆಫ್ ಮಾಡಿದ ವಿಡಿಯೊಗೆ, ಕೊನೆಗೆ ಮುಖ ಕಾಣುವ ವಿಡಿಯೊಗೆ ಬಂದರು. ಒತ್ತಾಯ ಇರಲಿಲ್ಲ.

ಇದು ಖಿನ್ನತೆಯೋ, ದುಃಖವೋ

ಖಿನ್ನತೆಯ ಅಂದಾಜಿಗೆ ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. 2001ರಿಂದ ಬಳಕೆಯಲ್ಲಿದೆ. ಹಿಂದಿನ ಎರಡು ವಾರ ಹೇಗಿತ್ತು ಅಂತ ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ರಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಬೇಕು. ಅವರದ್ದು 12 ಬಂತು. ಆತಂಕ ನೋಡುವ ಜಿಎಡಿ-7ರಲ್ಲಿ 21ಕ್ಕೆ 8.

ಬರೀ ಒಟ್ಟು ಅಂಕ ನೋಡಿದರೆ ‘ಮಧ್ಯಮ’ ಅಂತ ಬರೆದು ಮುಂದೆ ಹೋಗಬಹುದು. ಬಿಡಿಸಿ ನೋಡಿದಾಗ ಕಂಡದ್ದು ಬೇರೆ. ಬೇಸರದ ಪ್ರಶ್ನೆಗೆ 1. ಆಸಕ್ತಿ ಇಲ್ಲದ್ದಕ್ಕೆ 2. ನಿದ್ದೆಗೆ 3. ‘ನಾನು ಸೋತವನು ಅನ್ನಿಸುವುದು’ ಅನ್ನುವ ಪ್ರಶ್ನೆಗೂ 3. ಅಂದರೆ ಅಳು ಜಾಸ್ತಿ ಇಲ್ಲ. ತನ್ನ ಬಗ್ಗೆ ಇರುವ ಲೆಕ್ಕವೇ ತಲೆಕೆಳಗಾಗಿದೆ.

ಏಳು ತಿಂಗಳಾಗಿತ್ತು ಅನ್ನುವುದು ಇಲ್ಲಿ ಒಂದು ತೊಡಕು. ದುಃಖ ವಿಪರೀತ ಉದ್ದವಾದಾಗ ಅದಕ್ಕೆ ಈಗ ರೋಗದ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನುವ ರೋಗಗಳ ಪಟ್ಟಿಯ ಪ್ರಕಾರ ಆ ಹೆಸರು ಕೊಡಲು ಕನಿಷ್ಠ 6 ತಿಂಗಳಾಗಿರಬೇಕು. ಅಮೆರಿಕದ ಮನೋವೈದ್ಯರ ಡಿಎಸ್‌ಎಂ-5-ಟಿಆರ್ ಕೈಪಿಡಿಯ ಪ್ರಕಾರ ದೊಡ್ಡವರಿಗೆ 12 ತಿಂಗಳು. ಎರಡೂ ಬಳಕೆಗೆ ಬಂದದ್ದು 2022ರಲ್ಲಿ. ಒಂದರ ಗೆರೆಯನ್ನು ಇವರು ದಾಟಿದ್ದರು, ಇನ್ನೊಂದರದ್ದನ್ನು ದಾಟಿರಲಿಲ್ಲ. ತಿಂಗಳ ಎಣಿಕೆಗಿಂತ ಲಕ್ಷಣ ಮುಖ್ಯ. ತೀರಿಕೊಂಡವರಿಗಾಗಿ ತಡೆಯಲಾರದ ಹಂಬಲ, ಸಾವನ್ನೇ ನಂಬಲಾಗದಿರುವುದು, ಇಂಥವು ಇವರಲ್ಲಿ ಇರಲಿಲ್ಲ. ತಾಯಿಯ ಬಗ್ಗೆ ನಗುತ್ತಲೂ ಮಾತಾಡುತ್ತಿದ್ದರು. ಫೋಟೊ ನೋಡುತ್ತಿದ್ದರು. “ಅಮ್ಮ ಹೋದದ್ದು ಸರಿಯಾಯಿತು ಮೇಡಂ, ಆ ಸ್ಥಿತಿಯಲ್ಲಿ ಇನ್ನೂ ಇರಬಾರದಿತ್ತು” ಅಂದದ್ದೂ ಅವರೇ.

ರೋಗದ ಹೆಸರು ಕೊಡುವುದು ನನ್ನ ಕೆಲಸವಲ್ಲ. ಮನೋವೈದ್ಯರನ್ನು ನೋಡಿ ಅಂದೆ. ಅದಕ್ಕೂ ಮೊದಲು ಮಾಮೂಲಿ ವೈದ್ಯರ ಹತ್ತಿರ ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಅಂದೆ. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ಬೇಸರ, ನಿಧಾನ ಎಲ್ಲ ಬರುತ್ತದೆ. ಅದನ್ನು ನೋಡದೆ ತಿಂಗಳುಗಟ್ಟಲೆ ಮನಸ್ಸಿನ ಮಾತಾಡುತ್ತ ಕೂರುವುದು ಸರಿಯಲ್ಲ. ಆರೈಕೆ ಮಾಡುವವರು ತಮ್ಮ ದೇಹವನ್ನು ತೋರಿಸಿಕೊಂಡೇ ಇರುವುದಿಲ್ಲ. ಇವರು ಒಂಬತ್ತು ವರ್ಷದಲ್ಲಿ ನೂರಾರು ಸಲ ಆಸ್ಪತ್ರೆಗೆ ಹೋಗಿದ್ದರು, ತಮಗಾಗಿ ಒಮ್ಮೆಯೂ ಇಲ್ಲ. ವರದಿ ಸರಿಯಾಗಿಯೇ ಬಂತು. ಮನೋವೈದ್ಯರು ಮಾತ್ರೆ ಸದ್ಯಕ್ಕೆ ಬೇಡ, ಬದಲಾದ ಬದುಕಿಗೆ ಹೊಂದಿಕೊಳ್ಳುವ ತೊಂದರೆ ಇದ್ದ ಹಾಗಿದೆ, ಎರಡು ತಿಂಗಳು ಬಿಟ್ಟು ಬನ್ನಿ ಅಂದರು.

ಒಂಬತ್ತನೇ ಪ್ರಶ್ನೆ

ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾವಿನ ಯೋಚನೆಯದ್ದು. ಅವರು 0 ಹಾಕಿದ್ದರು. ಆದರೆ ಒಂದು ರಾತ್ರಿಯ ಮೆಸೇಜ್‌ನಲ್ಲಿ ಹೀಗಿತ್ತು: “ಬೆಳಿಗ್ಗೆ ಏಳೋದ್ಯಾಕೆ ಅನ್ಸುತ್ತೆ.” ಸುಮ್ನೆ ಹೇಳಿದ ಮಾತಿರಬಹುದು. ಸುಮ್ನೆ ಅಂತ ನಾವೇ ತೀರ್ಮಾನಿಸಬಾರದು. ಮರುದಿನ ಫೋನ್‌ನಲ್ಲಿ ನೇರವಾಗಿ ಕೇಳಿದೆ: “ಸಾಯಬೇಕು ಅಂತ ಅನ್ನಿಸುತ್ತಿದೆಯಾ? ಅದಕ್ಕೆ ಏನಾದರೂ ಯೋಚಿಸಿದ್ದೀರಾ?” ಕೇಳಿದರೆ ತಲೆಯಲ್ಲಿ ಇಲ್ಲದ್ದನ್ನು ಹಾಕಿದಂತಾಗುತ್ತದೆ ಅನ್ನುವ ಭಯ ಹಲವರಿಗಿದೆ. ಹಾಗಾಗುವುದಿಲ್ಲ. ಕೇಳದೇ ಬಿಡುವುದರಲ್ಲೇ ಅಪಾಯ ಜಾಸ್ತಿ.

ಇಲ್ಲ ಅಂದರು. ಸಾಯಬೇಕು ಅಂತಲ್ಲ, ಎದ್ದು ಮಾಡುವುದೇನು ಅಂತ ಗೊತ್ತಾಗುವುದಿಲ್ಲ ಅಂದರು. ಈ ಎರಡಕ್ಕೂ ವ್ಯತ್ಯಾಸವಿದೆ. ಆದರೂ ಮುಂಜಾಗ್ರತೆ ಕೈಬಿಡಲಿಲ್ಲ. ಮನಸ್ಸು ಕುಸಿಯುವ ಮುನ್ಸೂಚನೆ ಏನು, ಆಗ ತಾನೇ ಏನು ಮಾಡಬಹುದು, ಯಾರಿಗೆ ಫೋನ್ ಮಾಡಬಹುದು, ತುರ್ತಿಗೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದೆವು.

ಆನ್‌ಲೈನ್‌ನಲ್ಲಿ ಇದಕ್ಕೆ ಇನ್ನೂ ಒಂದಷ್ಟು ಸೇರಬೇಕು. ಎದುರಿನವರು ಎಲ್ಲಿದ್ದಾರೆ ಅಂತ ಪರದೆ ಹೇಳುವುದಿಲ್ಲ. ಹಾಗಾಗಿ ಪ್ರತಿ ಭೇಟಿಯ ಶುರುವಿನಲ್ಲಿ ‘ಈಗ ಎಲ್ಲಿದ್ದೀರಿ, ಪಕ್ಕದಲ್ಲಿ ಯಾರಾದರೂ ಇದ್ದಾರಾ’ ಅಂತ ಕೇಳುತ್ತೇನೆ. ಬೇಗ ತಲುಪಬಲ್ಲ ಒಬ್ಬರ ನಂಬರ್ ಮೊದಲೇ ತೆಗೆದುಕೊಂಡಿರುತ್ತೇನೆ. ಲೈನ್ ಕಟ್ ಆದರೆ ಐದು ನಿಮಿಷದೊಳಗೆ ನಾನೇ ಫೋನ್ ಮಾಡುತ್ತೇನೆ ಅನ್ನುವ ಮಾತು ಮೊದಲೇ ಆಗಿರುತ್ತದೆ. ಇದನ್ನೆಲ್ಲ ಕೇಳದ ಆನ್‌ಲೈನ್ ಕೌನ್ಸೆಲರ್ ಬಗ್ಗೆ ನನಗೆ ಅನುಮಾನ ಬರುತ್ತದೆ. ಇವರು ಕೊಟ್ಟದ್ದು ಪಕ್ಕದ ಮನೆಯವರ ನಂಬರ್. ಅಕ್ಕನದ್ದಲ್ಲ. ಅದನ್ನು ಗುರುತು ಹಾಕಿಕೊಂಡೆ.

ದಿನಕ್ಕೆ ಆಕಾರವೇ ಇರಲಿಲ್ಲ

2003ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಜೊತೆಗಾರರ ಒಂದು ಅಧ್ಯಯನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಡಿಮೆನ್ಷಿಯಾ ಇದ್ದ ಮನೆಯವರನ್ನು ನೋಡಿಕೊಂಡು, ಆಮೇಲೆ ಕಳೆದುಕೊಂಡ 217 ಮಂದಿಯ ಅಧ್ಯಯನ ಅದು. ಆರೈಕೆಯ ಕಾಲದಲ್ಲಿ ಇವರಲ್ಲಿ ಖಿನ್ನತೆಯ ಲಕ್ಷಣ ಜಾಸ್ತಿ ಇತ್ತು. ಸಾವಾದ ಮೂರು ತಿಂಗಳೊಳಗೆ ಅದು ಗಣನೀಯವಾಗಿ ಇಳಿದಿತ್ತು, ವರ್ಷದೊಳಗೆ ಇನ್ನೂ ಇಳಿಯಿತು. ಜನ ಚೇತರಿಸಿಕೊಳ್ಳುತ್ತಾರೆ, ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ.

ಹಾಗಾದರೆ ಇವರು ಏಳು ತಿಂಗಳಾದರೂ ಯಾಕೆ ಅಲ್ಲೇ ಇದ್ದಾರೆ? ಈ ಪ್ರಶ್ನೆ ಇಟ್ಟುಕೊಂಡೇ ಮುಂದಿನ ಭೇಟಿಗಳಲ್ಲಿ ಕೇಳುತ್ತ ಹೋದೆ. ಅಮ್ಮನ ಬಗ್ಗೆ ಕೇಳುವುದು ಕಡಿಮೆ ಮಾಡಿ ದಿನದ ಬಗ್ಗೆ ಕೇಳತೊಡಗಿದೆ. ಎಷ್ಟು ಹೊತ್ತಿಗೆ ಎದ್ದಿರಿ, ಆಮೇಲೆ? ಆಮೇಲೆ? ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ಅವರ ಹತ್ತಿರ ಹೇಳಲು ಏನೂ ಇರಲಿಲ್ಲ. “ಕೂತಿರ್ತೀನಿ.”

1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರೇ ಮಾಡಿದ ಒತ್ತಡದ ಪಟ್ಟಿಯಲ್ಲಿ ಬದುಕಿನ 43 ಘಟನೆಗಳಿವೆ. ಸಂಗಾತಿಯ ಸಾವಿಗೆ 100, ಹತ್ತಿರದ ಬಂಧುವಿನ ಸಾವಿಗೆ 63, ಹೀಗೆ ಪ್ರತಿಯೊಂದಕ್ಕೂ ಅಂಕ. ಒಳ್ಳೆಯ ಪಟ್ಟಿಯೇ. ಆದರೆ ಸಾವಿನ ಜೊತೆಗೇ ಹೋದ ದಿನಚರಿ, ಅಧಿಕಾರ, ಜನರ ಒಡನಾಟ ಆ 63ರಲ್ಲಿ ಕಾಣುವುದಿಲ್ಲ. ಇವರಿಗೆ ವಾರಕ್ಕೆ ಮೂರು ಸಲ ಬರುತ್ತಿದ್ದ ನರ್ಸ್ ಇದ್ದರು, ಔಷಧಿ ಅಂಗಡಿಯವರಿದ್ದರು, ಫೋನ್ ಮಾಡಿದರೆ ಎತ್ತುವ ವೈದ್ಯರಿದ್ದರು. ಆ ಸಾವಿನ ಮರುವಾರ ಇವರೆಲ್ಲರೂ ಒಟ್ಟಿಗೆ ಮಾಯ. ಮನೆಗೆ ಬರುತ್ತಿದ್ದ ಜನ ಇಷ್ಟೇ ಆಗಿದ್ದರು ಅನ್ನುವುದು ಅವರಿಗೂ ಆಗಲೇ ಗೊತ್ತಾದದ್ದು.

ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಎಬಾ 1988ರಲ್ಲಿ ಪಾತ್ರದಿಂದ ಹೊರಬರುವುದರ ಬಗ್ಗೆ ಬರೆದರು. ಅವರು ಸ್ವತಃ ಮೊದಲು ಕ್ರೈಸ್ತ ಸನ್ಯಾಸಿನಿಯಾಗಿದ್ದವರು. ಅವರು ಹೇಳುವ ದಾರಿ ಹೀಗಿದೆ: ಮೊದಲು ‘ಇದು ನನಗೆ ಸಾಕಾ’ ಅನ್ನುವ ಅನುಮಾನ, ಆಮೇಲೆ ಬೇರೆ ದಾರಿಯ ಹುಡುಕಾಟ, ಆಮೇಲೆ ಒಂದು ತಿರುವು, ಕೊನೆಗೆ ‘ನಾನು ಹಿಂದೆ ಅದಾಗಿದ್ದೆ’ ಅನ್ನುವ ಹೊಸ ಗುರುತು. ನಮ್ಮವರಿಗೆ ಮೊದಲೆರಡು ಮೆಟ್ಟಿಲೇ ಸಿಗಲಿಲ್ಲ. ಸೀದಾ ತಿರುವಿಗೆ ಬಂದು ಬಿದ್ದರು. ಅನುಮಾನ ಬಂದಿರಲೇ ಇಲ್ಲವಾ? ಬಂದಿತ್ತು. ‘ಇದು ಬೇಗ ಮುಗಿಯಲಿ’ ಅನ್ನುವುದೇ ಆ ಅನುಮಾನ. ಅದನ್ನು ಅವರು ಪಾಪ ಅಂತ ಒಳಗೆ ಹೂತಿಟ್ಟಿದ್ದರು.

ಇಲ್ಲಿಂದ ಕೆಲಸದ ದಿಕ್ಕು ನನಗೆ ಸ್ಪಷ್ಟವಾಯಿತು. ಅವರು ಕೇಳಿಕೊಂಡು ಬಂದದ್ದು ‘ಇನ್ನು ಮುಂದೆ ಏನು ಮಾಡಲಿ’ ಅಂತ. ಅದಕ್ಕೆ ಉತ್ತರ ಹುಡುಕಲು ಆಗಲೇ ನಾಲ್ಕಾರು ಕಡೆ ಕೆಲಸಕ್ಕೆ ಅರ್ಜಿ ಹಾಕಿ, ಒಂದು ಸಂದರ್ಶನದ ದಿನ ಹೋಗದೆ ಮನೆಯಲ್ಲೇ ಕೂತಿದ್ದರು. ಹಳೆಯದು ಮುಗಿದೇ ಇರಲಿಲ್ಲ. ತಾಯಿ ತೀರಿಕೊಂಡಿದ್ದರು, ಆರೈಕೆ ಮಾಡುವವನು ಇನ್ನೂ ಡ್ಯೂಟಿಯಲ್ಲಿದ್ದ.

ಅಲಾರಂ

ಇದು ಕಣ್ಣಿಗೆ ಕಂಡದ್ದು ಒಂದು ವಿಡಿಯೊ ಭೇಟಿಯಲ್ಲಿ. ಮಧ್ಯಾಹ್ನ ಎರಡಕ್ಕೆ ಅವರ ಫೋನ್‌ನಲ್ಲಿ ಅಲಾರಂ ಹೊಡೆಯಿತು. ಅವರು ತಟ್ಟನೆ ಎದ್ದರು, ಅರ್ಧ ದಾರಿ ಹೋಗಿ ನಿಂತರು, ವಾಪಸ್ ಬಂದು ಕೂತರು. ಅದು ತಾಯಿಯ ಮಧ್ಯಾಹ್ನದ ಮಾತ್ರೆಯ ಹೊತ್ತು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತು, ಮೂರು ಅಲಾರಂಗಳೂ ಹಾಗೇ ಇದ್ದವು. ಏಳು ತಿಂಗಳಿಂದ.

ಯಾಕೆ ತೆಗೆದಿಲ್ಲ ಅಂತ ಕೇಳಿದೆ. “ತೆಗೆದರೆ ದಿನಕ್ಕೆ ಹೊತ್ತೇ ಇರಲ್ಲ ಮೇಡಂ.”

ಆನ್‌ಲೈನ್‌ನಿಂದ ಆದ ದೊಡ್ಡ ಉಪಕಾರ ಅಂದರೆ ಇದೇ ಅಂತ ನನ್ನ ಅನಿಸಿಕೆ. ನನ್ನ ಕೋಣೆಗೆ ಅವರು ಬಂದಿದ್ದರೆ ಫೋನ್ ಸೈಲೆಂಟ್ ಇರುತ್ತಿತ್ತು. ಅಲಾರಂ ವಿಷಯ ಹೊರಗೆ ಬರುತ್ತಲೇ ಇರಲಿಲ್ಲವೇನೋ. ಕಷ್ಟ ಎಲ್ಲಿ ವಾಸವಾಗಿದೆಯೋ ಅಲ್ಲಿಗೇ ಕ್ಯಾಮೆರಾ ಹೋಗಿತ್ತು. ಹಿಂದೆ ಕಾಣುತ್ತಿದ್ದ ಗೋಡೆ, ಕಬ್ಬಿಣದ ಮಂಚದ ತುದಿ ನೋಡಿ ಕೇಳಿದಾಗ ಇನ್ನೊಂದೂ ತಿಳಿಯಿತು. ನಮ್ಮ ಅಷ್ಟೂ ಭೇಟಿಗಳಿಗೆ ಅವರು ಕೂರುತ್ತಿದ್ದದ್ದು ತಾಯಿಯ ಕೋಣೆಯಲ್ಲಿ. ಮಲಗುತ್ತಿದ್ದದ್ದೂ ಅಲ್ಲೇ, ನೆಲದ ಮೇಲೆ, ಮೊದಲಿನ ಹಾಗೆ. ತಮ್ಮ ಕೋಣೆಯಲ್ಲಿ ಸಾಮಾನು ತುಂಬಿತ್ತು.

ಉಪಕಾರದ ಜೊತೆಗೆ ತೊಂದರೆಯೂ ಇದೆ. ಕೌನ್ಸೆಲರ್ ಹತ್ತಿರ ಹೋಗಿ ಬರುವ ದಾರಿ ಸುಮ್ನೆ ದಾರಿಯಲ್ಲ. ಹೋಗುವಾಗ ಮನಸ್ಸು ಮಾತು ಜೋಡಿಸಿಕೊಳ್ಳುತ್ತದೆ, ಬರುವಾಗ ತಣ್ಣಗಾಗುತ್ತದೆ. ವಿಡಿಯೊದಲ್ಲಿ ಆ ದಾರಿಯೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿದ ಕ್ಷಣ ಅದೇ ಮಂಚ, ಅದೇ ಗೋಡೆ. ಹಾಗಾಗಿ ಭೇಟಿಗೆ ಮೊದಲು ಹತ್ತು ನಿಮಿಷ, ಆದ ಮೇಲೆ ಹದಿನೈದು ನಿಮಿಷ ಹೊರಗೆ ನಡೆಯುವುದು ಅಂತ ಮಾಡಿದೆವು. ಭೇಟಿ ಬೇರೆ ಕೋಣೆಯಲ್ಲಿ. ಆ ಕೋಣೆ ಬೇಕೆಂದರೆ ಸಾಮಾನು ತೆಗೆಯಬೇಕು. ಅದೇ ಮೊದಲ ವಾರದ ಕೆಲಸವಾಯಿತು. ತಮ್ಮ ಮುಖ ತಮಗೇ ಕಾಣುವ ಚೌಕವನ್ನು ಮುಚ್ಚಿಡಲು ಹೇಳಿದೆ. ವಿಡಿಯೊ ಮಾತುಕತೆ ಯಾಕೆ ಸುಸ್ತು ಮಾಡುತ್ತದೆ ಅಂತ ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದಾಗ ಕೊಟ್ಟ ಕಾರಣಗಳಲ್ಲಿ ಅದೂ ಒಂದು: ಹೊತ್ತೆಲ್ಲ ಕನ್ನಡಿ ಮುಂದೆ ಕೂತಂತೆ. ತನ್ನನ್ನೇ ಸೋತವನು ಅಂದುಕೊಂಡವರಿಗೆ ಆ ಕನ್ನಡಿ ಇನ್ನೂ ಕಷ್ಟ.

ಅಲಾರಂಗಳನ್ನು ಒಟ್ಟಿಗೆ ತೆಗೆಯಿಸಲಿಲ್ಲ. ಎರಡು ಗಂಟೆಯದ್ದನ್ನು ಮಾತ್ರ ತೆಗೆದುಕೊಂಡೆವು. ಹೊತ್ತು ಅದೇ ಇರಲಿ, ಅದಕ್ಕೆ ಬೇರೆ ಕೆಲಸ ಕೊಡೋಣ ಅಂದೆ. ಅವರು ಯೋಚಿಸಿ ಹೇಳಿದ್ದು ಈಜು. ಕೆಲಸದಲ್ಲಿದ್ದಾಗ ಈಜುತ್ತಿದ್ದರಂತೆ. ಮೊದಲ ಸಲ ಹೋಗಿ ನೀರಿಗಿಳಿಯದೆ ವಾಪಸ್ ಬಂದರು. “ಎರಡು ಗಂಟೆಗೆ ಮನೆಯಿಂದ ಹೊರಗಿದ್ದೆ, ಅಷ್ಟು ಸಾಕಲ್ವಾ?” ಅಂದರು. ಸಾಕು ಅಂದೆ, ನಿಜವಾಗಿಯೂ ಸಾಕಿತ್ತು. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾಯುವ ಬದಲು, ಚಿಕ್ಕದಾಗಿ ಮಾಡಿದರೆ ಮನಸ್ಸು ಹಿಂದಿನಿಂದ ಬರುತ್ತದೆ ಅನ್ನುವುದು ಖಿನ್ನತೆಯ ಚಿಕಿತ್ಸೆಯಲ್ಲಿ 1970ರ ದಶಕದಿಂದ ಬಳಕೆಯಲ್ಲಿರುವ ದಾರಿ. ಕೇಳಲು ಸಲೀಸು. ಮಾಡುವವರಿಗೆ ಪ್ರತಿ ದಿನವೂ ಬೆಟ್ಟ.

ಕೋಣೆಯ ವಿಷಯದಲ್ಲಿ ಇನ್ನೊಂದು ಲೆಕ್ಕ ಇಟ್ಟುಕೊಂಡೆವು. ದುಃಖದ ಬಗ್ಗೆ ಅಧ್ಯಯನ ಮಾಡಿದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ್ದು: ದುಃಖದಲ್ಲಿರುವವರು ಒಮ್ಮೆ ಕಳೆದುಕೊಂಡದ್ದರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ ತೂಗಾಡುತ್ತಾರೆ, ಆ ತೂಗಾಟ ಬೇಕು. ಇವರ ತೂಗಾಟ ನಿಂತಿತ್ತು. ಹಾಗಾಗಿ ಸಂಜೆ ಅರ್ಧ ಗಂಟೆ ತಾಯಿಯ ಕೋಣೆಯಲ್ಲಿ ಕೂರಬಹುದು, ಅಳಬಹುದು, ಏನೂ ಮಾಡದೆ ಇರಬಹುದು. ಮಲಗುವುದು ಮಾತ್ರ ಬೇರೆ ಕಡೆ.

ಶೇಕಡ 72

‘ಬೇಗ ಮುಗಿಯಲಿ’ ಅನ್ನುವ ಆ ಸಾಲಿಗೆ ವಾಪಸ್ ಬಂದದ್ದು ಅವರೇ. ವಿಡಿಯೊದಲ್ಲಿ, ಮುಖ ಕಾಣಿಸುತ್ತ. ಅಮ್ಮ ಹೋದ ರಾತ್ರಿ ಅಳುವ ಮೊದಲು ಮೈ ಹಗುರವಾಯಿತು, ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು, ಅದನ್ನು ಮರೆಯಲಾಗುತ್ತಿಲ್ಲ ಅಂದರು. “ಇಂಥ ಮಗ ಇರ್ತಾನಾ?”

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನಾನು ಅಂಕಿ ಅಂಶ ಹೇಳುವುದಿಲ್ಲ. ನೋವು ತೋಡಿಕೊಂಡವರಿಗೆ ಶೇಕಡಾವಾರು ಹೇಳುವುದು ಒರಟುತನ. ಆದರೆ ಇವರು ಲೆಕ್ಕದ ಮನುಷ್ಯ. ಶುಲ್ಜ್ ಅವರ ಅದೇ ಅಧ್ಯಯನದ ಇನ್ನೊಂದು ಭಾಗ ಹೇಳಿದೆ. ಆ 217 ಮಂದಿಯಲ್ಲಿ ಶೇ. 72ರಷ್ಟು ಜನ, ಆ ಸಾವು ತಮಗೆ ನಿರಾಳ ತಂದಿತು ಅಂದಿದ್ದರು. ಶೇ. 90ಕ್ಕೂ ಜಾಸ್ತಿ ಜನ, ತೀರಿಕೊಂಡವರಿಗೂ ಅದು ಬಿಡುಗಡೆಯಾಗಿತ್ತು ಅಂದಿದ್ದರು.

ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹತ್ತರಲ್ಲಿ ಏಳು ಜನ” ಅಂದರು. ಮತ್ತೆ, “ಅವರೆಲ್ಲ ಯಾರಿಗೂ ಹೇಳಿರಲ್ಲ ಅಲ್ವಾ?”

ಡಿಮೆನ್ಷಿಯಾದಲ್ಲಿ ಸಾಯುವ ಮೊದಲೇ ಮನುಷ್ಯ ಸ್ವಲ್ಪ ಸ್ವಲ್ಪವಾಗಿ ಹೋಗಿರುತ್ತಾರೆ. ದೇಹ ಎದುರಿಗೇ ಇರುತ್ತದೆ, ನಮ್ಮನ್ನು ಗುರುತಿಸುವ ಅಮ್ಮ ಇರುವುದಿಲ್ಲ. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲೀನ್ ಬಾಸ್ ಅವರು ಇದನ್ನು ಅಸ್ಪಷ್ಟ ನಷ್ಟ ಅನ್ನುತ್ತಾರೆ. ಅದಕ್ಕೆ ಅಳುವ ಹೊತ್ತು ಯಾವುದು ಅಂತ ಯಾರೂ ಹೇಳಿಕೊಡುವುದಿಲ್ಲ. ಇವರ ದುಃಖದ ದೊಡ್ಡ ಪಾಲು ಆ ಒಂಬತ್ತು ವರ್ಷದಲ್ಲೇ ಖರ್ಚಾಗಿತ್ತು. ಸತ್ತ ದಿನಕ್ಕೆ ಕಡಿಮೆ ಉಳಿದಿತ್ತು. ಅದು ಕಲ್ಲು ಮನಸ್ಸಲ್ಲ ಅನ್ನುವುದನ್ನು ಅವರು ಒಪ್ಪಿಕೊಳ್ಳಲು ಇನ್ನೂ ಕೆಲವು ವಾರ ಹಿಡಿಯಿತು. ಕೂಗಿದ ರಾತ್ರಿಯದ್ದನ್ನು ಮಾತ್ರ ಸರಿ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ತಾಯಿ ಹೆದರಿದ್ದು ನಿಜ. ಮರುದಿನದಿಂದ ರಾತ್ರಿಗೆ ಒಬ್ಬ ನರ್ಸ್ ಗೊತ್ತು ಮಾಡಿದ್ದೂ ನಿಜ. ಎರಡೂ ಅವರೇ ಮಾಡಿದ್ದು.

ಹಾಗಾದರೆ ನಾನು ಯಾರು

ಆರೈಕೆ ಮಾಡಿದವರಿಗೆ ಸುತ್ತಲಿನವರು ಕೊಡುವ ಸಲಹೆ ಒಂದೇ: ಇಷ್ಟು ಅನುಭವ ಇದೆ, ಇದನ್ನೇ ವೃತ್ತಿ ಮಾಡಿಕೊಳ್ಳಿ. ಇವರಿಗೂ ನರ್ಸ್, ಪಕ್ಕದ ಮನೆಯವರು ಎಲ್ಲ ಹೇಳಿದ್ದರು. ಅವರು ಖಡಾಖಂಡಿತ ಬೇಡ ಅಂದರು. “ಇನ್ನೊಬ್ಬರ ಅಮ್ಮನನ್ನು ನೋಡಲಾರೆ ಮೇಡಂ.” ನನಗೆ ಅದು ಆರೋಗ್ಯವಂತ ಉತ್ತರ ಅನ್ನಿಸಿತು. ನೋವನ್ನು ಉಪಯೋಗಕ್ಕೆ ಬರುವ ಹಾಗೆ ಮಾಡಲೇಬೇಕು ಅನ್ನುವ ಹಟ ಈಗ ಜಾಸ್ತಿಯಾಗಿದೆ. ಕೆಲವು ಅನುಭವಗಳು ಮುಗಿದರೆ ಸಾಕು.

ಆದರೆ ‘ಒಂಬತ್ತು ವರ್ಷ ಏನೂ ಮಾಡಲಿಲ್ಲ’ ಅನ್ನುವ ಮಾತನ್ನು ಹಾಗೇ ಬಿಡಲಾಗುತ್ತಿರಲಿಲ್ಲ. ಅದರ ಲೆಕ್ಕ ಬರೆಯಿರಿ ಅಂದೆ, ಹಳೆಯ ಕೆಲಸದಲ್ಲಿ ಬರೆಯುತ್ತಿದ್ದ ಹಾಗೆ. ಶುರುವಿಗೆ “ಅದೆಲ್ಲ ಯಾರಾದ್ರೂ ಮಾಡ್ತಾರೆ” ಅಂತ ಎರಡು ಸಾಲು ಬರೆದು ಬಿಟ್ಟರು. ಆಮೇಲೆ ಬೆಳೆಯಿತು. ಯಾವ ಮಾತ್ರೆ ಯಾವುದರ ಜೊತೆ ಆಗುವುದಿಲ್ಲ ಅಂತ ಗೊತ್ತಿತ್ತು. ಮಾತು ನಿಂತ ತಾಯಿಗೆ ಎಲ್ಲಿ ನೋವು ಅಂತ ಹುಬ್ಬು ನೋಡಿ ಹೇಳುತ್ತಿದ್ದರು. ಅವಸರದ ವೈದ್ಯರಿಂದ ಮೂರು ನಿಮಿಷದಲ್ಲಿ ಬೇಕಾದ ಉತ್ತರ ತೆಗೆಯುತ್ತಿದ್ದರು. ಉಳಿತಾಯದ ದುಡ್ಡನ್ನು ಒಂಬತ್ತು ವರ್ಷಕ್ಕೆ ಎಳೆದು ಹೊಂದಿಸಿದ್ದರು. ಕೊನೆಯದನ್ನು ಬರೆದಾಗ ಮೊದಲ ಸಲ ನಕ್ಕರು. ಅಕೌಂಟೆಂಟ್ ಎಲ್ಲೂ ಹೋಗಿರಲಿಲ್ಲ.

ಕೆಲಸದ ಅರ್ಜಿಯಲ್ಲಿ ಆ ಒಂಬತ್ತು ವರ್ಷದ ಜಾಗಕ್ಕೆ ಏನು ಬರೆಯುವುದು ಅನ್ನುವುದಕ್ಕೆ ಒಂದು ಪೂರ್ತಿ ಭೇಟಿ ಹೋಯಿತು. ‘ವೈಯಕ್ತಿಕ ಕಾರಣ’ ಅಂತ ಇತ್ತು. ಹೊಡೆದು ಹಾಕಿ ‘ಪೂರ್ಣಾವಧಿ ಕುಟುಂಬದ ಆರೈಕೆ’ ಅಂತ ಬರೆದರು. ಸಂದರ್ಶನದಲ್ಲಿ ಕೇಳಿದರೆ ಏನು ಹೇಳುವುದು ಅಂತ ಇಬ್ಬರೂ ಮಾತಾಡಿ ನೋಡಿದೆವು. ಎರಡು ವಾಕ್ಯ ಸಾಕು, ವಿವರಣೆ ಬೇಡ, ಕ್ಷಮೆಯಂತೂ ಬೇಡವೇ ಬೇಡ. ಮೊದಲು ಮನೆಯಿಂದ ಮಾಡುವ ಅರೆಕಾಲಿಕ ಲೆಕ್ಕದ ಕೆಲಸ ಸಿಕ್ಕಿತು. ಮನೆಯಿಂದ ಅನ್ನುವುದು ನನಗೆ ಇಷ್ಟವಾಗಲಿಲ್ಲ, ಹೇಳಿದೆ. ಎರಡು ತಿಂಗಳಾದ ಮೇಲೆ ಅವರೇ ವಾರಕ್ಕೆ ಎರಡು ದಿನ ಆಫೀಸಿಗೆ ಬರುತ್ತೇನೆ ಅಂತ ಕೇಳಿಕೊಂಡರು.

ಅಕ್ಕ

ಇದು ಚೆನ್ನಾಗಿ ಮುಗಿಯಲಿಲ್ಲ. ಅಕ್ಕ ಪ್ರತಿ ಫೋನ್‌ನಲ್ಲೂ “ಇನ್ನಾದ್ರೂ ನಿನ್ನ ಜೀವನ ನೋಡ್ಕೋ” ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಇವರಿಗೆ ಅದು ‘ಇಷ್ಟು ದಿನ ನೀನು ಬದುಕಲೇ ಇಲ್ಲ’ ಅಂತ ಕೇಳಿಸುತ್ತಿತ್ತು. ಒಂದು ಭೇಟಿಗೆ ಅಕ್ಕನನ್ನೂ ಸೇರಿಸಿಕೊಳ್ಳೋಣ ಅಂತ ಅವರೇ ಕೇಳಿದರು. ಮೂವರೂ ಬೇರೆ ಬೇರೆ ಊರಿನಿಂದ ಒಂದೇ ಪರದೆಯಲ್ಲಿ. ಆನ್‌ಲೈನ್ ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಅಕ್ಕ ಅತ್ತರು. ತಾನು ಬರಲಿಲ್ಲ ಅನ್ನುವುದು ತನ್ನನ್ನೂ ಕಾಡುತ್ತಿದೆ ಅಂದರು. ತಮ್ಮ ಅದನ್ನು ಕೇಳಿಸಿಕೊಂಡರು, ಸಮಾಧಾನ ಮಾಡಲಿಲ್ಲ. “ನಾನು ಈಗ ನಿನ್ನನ್ನ ಸಮಾಧಾನ ಮಾಡೋ ಸ್ಥಿತಿಯಲ್ಲಿ ಇಲ್ಲ ಅಕ್ಕ” ಅಂದರು. ಒಂಬತ್ತು ವರ್ಷ ಎಲ್ಲರನ್ನೂ ನೋಡಿಕೊಂಡವರು ಹಾಗೆ ಹೇಳಿದ್ದು ನನ್ನ ಲೆಕ್ಕದಲ್ಲಿ ದೊಡ್ಡ ಹೆಜ್ಜೆ. ಅಕ್ಕನಿಗೆ ಅದು ಬೆನ್ನು ತಿರುಗಿಸಿದ ಹಾಗೆ ಅನ್ನಿಸಿತು. ನಡುವೆ ಮನೆಯ ಪಾಲಿನ ಮಾತೂ ಬಂತು. ಅದನ್ನು ಅಲ್ಲೇ ತಡೆದೆ. ಅದು ವಕೀಲರ ಹತ್ತಿರ ಆಗಬೇಕಾದ ಮಾತು, ಕೌನ್ಸೆಲಿಂಗ್ ಅದಕ್ಕೆ ಜಾಗವಲ್ಲ. ಅಕ್ಕನಿಗೆ ಬೇಕೆನಿಸಿದರೆ ಬೇರೆ ಕೌನ್ಸೆಲರ್ ಇದ್ದಾರೆ ಅಂತ ಹೇಳಿ ಇಬ್ಬರ ವಿವರ ಕೊಟ್ಟೆ. ಇಬ್ಬರಿಗೂ ನಾನೇ ಕೂರುವುದು ಸರಿ ಕಾಣಲಿಲ್ಲ.

ಭೇಟಿ ನಿಲ್ಲಿಸಿದ್ದು

ಮನೋವೈದ್ಯರು ಎರಡನೇ ಸಲ ನೋಡಿ ಮಾತ್ರೆ ಬೇಕಿಲ್ಲ ಅಂದರು. ಪಿಎಚ್‌ಕ್ಯೂ-9 ಅಂಕ 12ರಿಂದ 5ಕ್ಕೆ ಬಂದಿತ್ತು. ಅದರಲ್ಲಿ 2 ನಿದ್ದೆಯದ್ದೇ. ರಾತ್ರಿ ಈಗಲೂ ಒಮ್ಮೆ ಎಚ್ಚರವಾಗುತ್ತದೆ, ನೀರು ಕುಡಿದು ಮಲಗುತ್ತಾರೆ. ‘ಸೋತವನು’ ಪ್ರಶ್ನೆಗೆ 1. ವಾರಕ್ಕೊಮ್ಮೆ ಇದ್ದ ಭೇಟಿಯನ್ನು ಎರಡು ವಾರಕ್ಕೆ, ಆಮೇಲೆ ತಿಂಗಳಿಗೆ ಇಳಿಸಿ ನಿಲ್ಲಿಸಿದೆವು. ತಟ್ಟನೆ ನಿಂತುಹೋದದ್ದರಿಂದಲೇ ಇಲ್ಲಿಗೆ ಬಂದವರಿಗೆ ಇದನ್ನೂ ತಟ್ಟನೆ ನಿಲ್ಲಿಸಬಾರದಲ್ಲ.

ತಾಯಿ ತೀರಿಕೊಂಡ ದಿನ ವರ್ಷ ತುಂಬುವ ಹೊತ್ತಿಗೆ ಮತ್ತೆ ಭಾರವಾಗಬಹುದು ಅಂತ ಮೊದಲೇ ಹೇಳಿ, ಆ ವಾರಕ್ಕೆ ಒಂದು ಫೋನ್ ಭೇಟಿ ಕಾದಿರಿಸಿದ್ದೆವು. ಆ ದಿನ ಅವರು ಆಫೀಸಿನಿಂದ ಹೊರಗೆ ಬಂದು ಇಪ್ಪತ್ತು ನಿಮಿಷ ಮಾತಾಡಿದರು. ಹೆಚ್ಚಿನ ಮಾತು ಅಕ್ಕನ ಬಗ್ಗೆ. ಮನೆ ಮಾರಬೇಕು ಅನ್ನುವುದು ಅಕ್ಕನ ಇಷ್ಟ, ಇವರಿಗೆ ಇನ್ನೂ ತೀರ್ಮಾನವಾಗಿಲ್ಲ. ವಕೀಲರ ಜೊತೆ ಮುಂದಿನ ವಾರ ಮಾತಿದೆ ಅಂದರು. ಅದಾದ ಮೇಲೆ ಬೇಕೆನಿಸಿದರೆ ಮೆಸೇಜ್ ಮಾಡುತ್ತೇನೆ, ಹಗಲು ಹೊತ್ತಿನಲ್ಲೇ ಮಾಡುತ್ತೇನೆ ಅಂತ ಹೇಳಿ ಫೋನ್ ಇಟ್ಟರು.